ದಾದಿಯ ಲೋಟ ಮತ್ತು ಲೂಯಿಸ್ ಟಿಫಾನಿ

ನಮ್ಮ ದಾದಿಯ ಕಪಾಟಿನಲ್ಲಿ ಒಂದು ಗಾಜಿನ ಲೋಟ ಇದೆ. ಬಣ್ಣ ಕಿತ್ತಳೆ. ಆದರೆ ಕಿಟಕಿಯ ಹತ್ತಿರ ಹಿಡಿದು ತಿರುಗಿಸಿದರೆ ಅದರ ಮೇಲೆ ಹಸಿರು, ನೇರಳೆ, ಬಂಗಾರದ ಬಣ್ಣಗಳು ಓಡಾಡುತ್ತವೆ. ಮಳೆ ಬಂದಾಗ ಚಳ್ಳಕೆರೆ ಬಸ್ ನಿಲ್ದಾಣದ ಬಳಿ ನಿಂತ ನೀರಿನ ಮೇಲೆ ಡೀಸೆಲ್ ಹನಿ ಬಿದ್ದರೆ ಬಣ್ಣಗಳು ಕಾಣುತ್ತವಲ್ಲ, ಹಾಗೆ. ನಮ್ಮ ದಾದಾ ಬಳೆ ವ್ಯಾಪಾರ ಮಾಡುತ್ತಿದ್ದರು. ಬಳೆ ಮಲಾರ ಹೊತ್ತು ಉಳ್ಳಾರ್ತಿ ಮತ್ತು ಕಾವಲಿನ ಸುತ್ತಲಿನ ಹಟ್ಟಿಗಳಿಗೆ ನಡೆದೇ ಹೋಗುತ್ತಿದ್ದರಂತೆ. ಮದುವೆಯಾದ ಹೊಸದರಲ್ಲಿ ಅವರು ದಾದಿಗೆ ತಂದುಕೊಟ್ಟ ಆರು ಲೋಟಗಳಲ್ಲಿ ಈಗ ಉಳಿದಿರುವುದು ಇದೊಂದೇ. ಮಿಕ್ಕ ಐದನ್ನು ಎರಡು ವರ್ಷದ ಹಿಂದೆ ಹಳೆ ಸಾಮಾನಿನವನಿಗೆ ಕೊಟ್ಟು ಒಂದು ಪ್ಲಾಸ್ಟಿಕ್ ಬುಟ್ಟಿ ತೆಗೆದುಕೊಂಡೆವು. ಚೌಕಾಸಿ ಮಾಡಿದ್ದು ನಾನೇ. ಒಳ್ಳೆಯ ವ್ಯಾಪಾರ ಮಾಡಿದೆ ಎಂದುಕೊಂಡಿದ್ದೆ. ದಾದಿ ಏನೂ ಹೇಳಲಿಲ್ಲ. ಆರನೆಯದನ್ನು ಮಾತ್ರ ಸೀರೆಗಳ ಹಿಂದೆ ಇಟ್ಟುಕೊಂಡರು.

ಈ ವರ್ಷ ಆ ಲೋಟವನ್ನು ತಲೆಕೆಳಗು ಮಾಡಿ ನೋಡಿದೆ. ತಳದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಜೈನ್ ಎಂದು ಅಚ್ಚಾಗಿದೆ. ಉತ್ತರ ಪ್ರದೇಶದ ಫಿರೋಜಾಬಾದಿನಲ್ಲಿ ಹಿಂದೆ ಇದ್ದ ಜೈನ್ ಗ್ಲಾಸ್ ವರ್ಕ್ಸ್ ಎಂಬ ಕಾರ್ಖಾನೆಯ ಲೋಟ ಇದು. ಇಂತಹ ಗಾಜಿಗೆ ಕಾರ್ನಿವಲ್ ಗ್ಲಾಸ್ ಎಂದು ಹೆಸರು. ಇದು ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿ ಇದನ್ನು ಬಡವರ ಟಿಫಾನಿ ಎಂದು ಕರೆಯುತ್ತಿದ್ದರಂತೆ. ಹಾಗಾದರೆ ಶ್ರೀಮಂತರ ಟಿಫಾನಿ ಯಾರು ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಲೂಯಿಸ್ ಕಂಫರ್ಟ್ ಟಿಫಾನಿ ಅವರ ಜೀವನ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಂಗಡಿ ಬೇಡ ಎಂದ ಮಗ

ಲೂಯಿಸ್ ಕಂಫರ್ಟ್ ಟಿಫಾನಿ ಅವರು 1848ರ ಫೆಬ್ರವರಿ 18ರಂದು ನ್ಯೂಯಾರ್ಕ್ ನಗರದಲ್ಲಿ ಹುಟ್ಟಿದರು. ತಂದೆ ಚಾರ್ಲ್ಸ್ ಲೂಯಿಸ್ ಟಿಫಾನಿ ದೊಡ್ಡ ವ್ಯಾಪಾರಿ. ಅವರು 1837ರಲ್ಲಿ ಗೆಳೆಯರೊಬ್ಬರ ಜೊತೆ ಪಾಲುದಾರಿಕೆಯಲ್ಲಿ ಕಾಗದ, ಲೇಖನಿ, ಅಲಂಕಾರದ ವಸ್ತುಗಳ ಸಣ್ಣ ಅಂಗಡಿ ತೆರೆದರು. ಮೊದಲ ದಿನದ ವ್ಯಾಪಾರ 5 ಡಾಲರ್ ಕೂಡ ಆಗಲಿಲ್ಲ. ಆದರೆ ಅದೇ ಅಂಗಡಿ ಮುಂದೆ ಟಿಫಾನಿ ಅಂಡ್ ಕಂಪನಿ ಎಂಬ ಹೆಸರಿನಲ್ಲಿ ಅಮೆರಿಕದ ಅತಿ ಹೆಸರುವಾಸಿ ವಜ್ರ, ಬೆಳ್ಳಿ ಅಂಗಡಿಯಾಯಿತು. ಇಂದಿಗೂ ಅದು ಇದೆ.

ಇಂತಹ ಮನೆಯ ಹಿರಿಯ ಮಗ ಗಲ್ಲಾಪೆಟ್ಟಿಗೆಯ ಮುಂದೆ ಕೂರಬೇಕು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಮ್ಮ ಕಡೆಯೂ ಹಾಗೆಯೇ ಅಲ್ಲವೇ? ಆದರೆ ಲೂಯಿಸ್‌ಗೆ ಅಂಗಡಿಯಲ್ಲಿ ಆಸಕ್ತಿ ಇರಲಿಲ್ಲ. ಅವರನ್ನು ನ್ಯೂಜೆರ್ಸಿಯ ಈಗಲ್ಸ್‌ವುಡ್ ಎಂಬ ಸೈನಿಕ ಶಾಲೆಗೆ ಸೇರಿಸಿದರು. ಅಲ್ಲಿ ಅವರಿಗೆ ಕವಾಯತಿಗಿಂತ ಚಿತ್ರಕಲೆ ಹಿಡಿಸಿತು. ಜಾರ್ಜ್ ಇನ್ನೆಸ್ ಎಂಬ ಪ್ರಸಿದ್ಧ ಪ್ರಕೃತಿ ಚಿತ್ರಕಾರರ ಸಹವಾಸ ಸಿಕ್ಕಿತು. ಕಾಲೇಜಿಗೆ ಹೋಗದೆ ಚಿತ್ರಕಾರನಾಗುತ್ತೇನೆ ಎಂದು ಲೂಯಿಸ್ ನಿರ್ಧರಿಸಿದರು. 1866ರ ಸುಮಾರಿಗೆ ನ್ಯೂಯಾರ್ಕಿನ ನ್ಯಾಷನಲ್ ಅಕಾಡೆಮಿ ಆಫ್ ಡಿಸೈನ್‌ನಲ್ಲಿ ಕಲಿತರು. ಆಮೇಲೆ ಪ್ಯಾರಿಸ್‌ಗೆ ಹೋಗಿ ಅಲ್ಲಿಯೂ ಕಲಿತರು.

ತಂದೆ ಇದಕ್ಕೆ ಅಡ್ಡಿ ಮಾಡಲಿಲ್ಲ. ಹಣವನ್ನೂ ಕೊಟ್ಟರು. ಈ ಮಾತನ್ನು ಮರೆಯಬಾರದು. ಲೂಯಿಸ್ ಪ್ರತಿಭಾವಂತರು ನಿಜ. ಆದರೆ ಅವರ ಬೆನ್ನ ಹಿಂದೆ ತಂದೆಯ ಬಂಡವಾಳ ಸದಾ ಇತ್ತು. ಅದಿಲ್ಲದ ಎಷ್ಟೋ ಪ್ರತಿಭೆಗಳ ಹೆಸರು ನಮಗೆ ಗೊತ್ತೇ ಇಲ್ಲ.

ಪೂರ್ವದ ಬಣ್ಣಗಳು

1870ರಲ್ಲಿ 22 ವರ್ಷದ ಟಿಫಾನಿ ಅವರು ಇನ್ನೊಬ್ಬ ಚಿತ್ರಕಾರ ಸ್ವೇನ್ ಗಿಫರ್ಡ್ ಜೊತೆ ದೊಡ್ಡ ಪ್ರವಾಸ ಹೊರಟರು. ಸ್ಪೇನ್, ಮೊರಾಕೊ, ಅಲ್ಜೀರಿಯ, ಟುನೀಷಿಯ, ಈಜಿಪ್ಟ್ ಎಲ್ಲ ನೋಡಿದರು. ಈ ಪ್ರವಾಸವೇ ಅವರ ಜೀವನ ಬದಲಿಸಿತು.

ಮೊರಾಕೊದ ಟ್ಯಾಂಜಿಯರ್ ನಗರದ ಕೋಟೆ ಗೋಡೆಯ ಹೊರಗೆ ನಡೆಯುವ ಸಂತೆ, ಹಾವಾಡಿಗ, ಕೈರೋದ ಮೊಹಮ್ಮದ್ ಅಲಿ ಮಸೀದಿ, ಮಮ್ಲೂಕ್ ಸುಲ್ತಾನರ ಕಾಲದ ಗೋರಿಗಳು, ಇವೆಲ್ಲ ಅವರ ಚಿತ್ರಗಳಲ್ಲಿ ಬಂದವು. ಆ ಚಿತ್ರಗಳು ಇಂದು ಅಮೆರಿಕದ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿವೆ. ಆ ಊರುಗಳಲ್ಲಿ ಬಟ್ಟೆ, ಬಾಗಿಲು, ಗೋಡೆಯ ಹೆಂಚು ಎಲ್ಲದರಲ್ಲೂ ಬಣ್ಣ ತುಂಬಿರುವುದನ್ನು ಕಂಡು ಅವರು ಬೆರಗಾದರು. ಬಣ್ಣವೇ ಎಲ್ಲಕ್ಕಿಂತ ಮುಖ್ಯ ಎಂಬುದು ಪೂರ್ವದ ನಾಡುಗಳನ್ನು ನೋಡಿದ ಮೇಲೆ ತಮಗೆ ತಿಳಿಯಿತು ಎಂದು ಅವರು ಮುದುಕರಾದ ಮೇಲೂ ಹೇಳಿಕೊಂಡಿದ್ದಾರೆ.

ಗಾಜಿನ ಕೆಲಸ ಆ ನಾಡುಗಳಿಗೆ ಹೊಸದಲ್ಲ. 13 ಮತ್ತು 14ನೇ ಶತಮಾನಗಳಲ್ಲಿ ಈಜಿಪ್ಟ್ ಮತ್ತು ಸಿರಿಯಾದ ಕುಶಲಕರ್ಮಿಗಳು ಮಸೀದಿಗಳಿಗೆ ಗಾಜಿನ ದೀಪಗಳನ್ನು ಮಾಡುತ್ತಿದ್ದರು. ಅವುಗಳ ಮೇಲೆ ನೀಲಿ, ಕೆಂಪು ಎನಾಮಲ್ ಮತ್ತು ಬಂಗಾರದ ಲೇಪದಲ್ಲಿ ಅಕ್ಷರಗಳನ್ನು ಬರೆಯುತ್ತಿದ್ದರು. ಕಿಟಕಿಗಳಲ್ಲಿ ಗಾರೆಯ ಜಾಲರಿಯ ನಡುವೆ ಬಣ್ಣದ ಗಾಜಿನ ತುಂಡುಗಳನ್ನು ಕೂರಿಸುವ ಪದ್ಧತಿಯೂ ಇತ್ತು. ತಂದೆಯ ಕಂಪನಿಯ ಬೆಳ್ಳಿ ವಿಭಾಗದ ಮುಖ್ಯಸ್ಥರಾಗಿದ್ದ ಎಡ್ವರ್ಡ್ ಮೂರ್ ಅವರು ಇಂತಹ ಇಸ್ಲಾಮಿಕ್ ಗಾಜು ಮತ್ತು ಲೋಹದ ವಸ್ತುಗಳನ್ನು ಸಂಗ್ರಹಿಸುತ್ತಿದ್ದರು. ಅವರು 1891ರಲ್ಲಿ ತೀರಿಕೊಂಡ ಮೇಲೆ ಆ ಸಂಗ್ರಹ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಹೋಯಿತು. ತರುಣ ಟಿಫಾನಿಗೆ ಪೂರ್ವದ ಕಲೆಯ ರುಚಿ ಹತ್ತಿಸಿದವರಲ್ಲಿ ಈ ಮೂರ್ ಒಬ್ಬರು.

ಇನ್ನೊಂದು ವಿಷಯ. ಸಾವಿರಾರು ವರ್ಷ ಮಣ್ಣಿನಲ್ಲಿ ಹೂತುಹೋಗಿದ್ದ ಹಳೆಯ ರೋಮನ್ ಕಾಲದ ಗಾಜಿನ ಸೀಸೆಗಳನ್ನು ಅಗೆದು ತೆಗೆದಾಗ ಅವುಗಳ ಮೇಲೆ ನವಿಲುಗರಿಯಂತಹ ಬಣ್ಣ ಮೂಡಿರುತ್ತದೆ. ಯಾರೂ ಆ ಬಣ್ಣ ಹಚ್ಚಿದ್ದಲ್ಲ. ಮಣ್ಣಿನ ತೇವದಿಂದ ಗಾಜಿನ ಮೇಲ್ಪದರ ಸವೆದು ತೆಳುವಾದ ಪೊರೆಗಳಾಗಿ, ಬೆಳಕು ಅದರಲ್ಲಿ ಒಡೆದು ಬಣ್ಣಗಳಾಗಿ ಕಾಣುತ್ತದೆ. ಕಾಲ ಮಾಡಿದ ಈ ಕೆಲಸವನ್ನು ಕೈಯಿಂದ ಮಾಡಲು ಆಗುವುದೇ ಎಂಬ ಪ್ರಶ್ನೆ ಟಿಫಾನಿ ಅವರನ್ನು ಬಿಡಲಿಲ್ಲ.

ಗಾಜಿನ ಕಡೆಗೆ

1872ರಲ್ಲಿ ಟಿಫಾನಿ ಅವರು ಮೇರಿ ಗೊಡಾರ್ಡ್ ಅವರನ್ನು ಮದುವೆಯಾದರು. 1875ರ ಸುಮಾರಿಗೆ ಬ್ರೂಕ್ಲಿನ್‌ನ ಗಾಜಿನ ಕುಲುಮೆಗಳಲ್ಲಿ ಪ್ರಯೋಗ ಶುರು ಮಾಡಿದರು. ಆಗ ಚರ್ಚುಗಳ ಕಿಟಕಿಗೆ ಬಳಸುವ ಗಾಜಿನ ಮೇಲೆ ಬಣ್ಣದಿಂದ ಚಿತ್ರ ಬರೆದು ಸುಡುತ್ತಿದ್ದರು. ಹಾಗೆ ಬರೆದರೆ ಬೆಳಕು ಮಂಕಾಗುತ್ತದೆ ಎಂಬುದು ಟಿಫಾನಿ ಅವರ ಅಭಿಪ್ರಾಯ. ಬಣ್ಣ ಗಾಜಿನ ಮೇಲೆ ಇರಬಾರದು, ಗಾಜಿನ ಒಳಗೇ ಇರಬೇಕು ಎಂದು ಅವರು ಹಟ ಹಿಡಿದರು. ಕರಗಿದ ಗಾಜಿನಲ್ಲೇ ಹಲವು ಬಣ್ಣಗಳನ್ನು ಬೆರೆಸಿ ಹಾಳೆ ಮಾಡಿದರೆ ಆಕಾಶ, ನೀರು, ಎಲೆ ಎಲ್ಲವೂ ಗಾಜಿನಲ್ಲೇ ಸಿಗುತ್ತವೆ. ಬಟ್ಟೆಯ ನೆರಿಗೆ ಬೇಕಾದರೆ ಬಿಸಿ ಗಾಜನ್ನೇ ಒತ್ತಿ ನೆರಿಗೆ ಮಾಡಿದರು. ಇದೇ ಹಾದಿಯಲ್ಲಿ ಜಾನ್ ಲಾ ಫಾರ್ಜ್ ಎಂಬ ಇನ್ನೊಬ್ಬ ಕಲಾವಿದರೂ ಇದ್ದರು. ಹಾಲುಬಣ್ಣದ ಗಾಜಿನ ಕಿಟಕಿಗೆ ಲಾ ಫಾರ್ಜ್ 1880ರಲ್ಲಿ ಪೇಟೆಂಟ್ ಪಡೆದರೆ, ಟಿಫಾನಿ 1881ರಲ್ಲಿ ಪಡೆದರು. ಇಬ್ಬರ ನಡುವೆ ಸ್ಪರ್ಧೆ ಜೀವನವಿಡೀ ನಡೆಯಿತು.

1879ರಲ್ಲಿ ಟಿಫಾನಿ ಅವರು ಮನೆಗಳ ಒಳಾಂಗಣ ಅಲಂಕಾರ ಮಾಡುವ ಸಂಸ್ಥೆ ಕಟ್ಟಿದರು. ಇದರಲ್ಲಿ ಅವರ ಜೊತೆಗಿದ್ದವರು ಬಟ್ಟೆ ಕಸೂತಿಯ ಕ್ಯಾಂಡೇಸ್ ವೀಲರ್, ಚಿತ್ರಕಾರ ಸ್ಯಾಮ್ಯುಯೆಲ್ ಕೋಲ್ಮನ್ ಮತ್ತು ಲಾಕ್‌ವುಡ್ ಡಿ ಫಾರೆಸ್ಟ್. ಈ ಡಿ ಫಾರೆಸ್ಟ್ ಅವರು 1881ರಲ್ಲಿ ನಮ್ಮ ಭಾರತಕ್ಕೆ ಬಂದು, ಅಹಮದಾಬಾದಿನ ಹಥೀಸಿಂಗ್ ಮನೆತನದವರ ಜೊತೆ ಸೇರಿ ಮರದ ಕೆತ್ತನೆಯ ಕಾರ್ಯಾಗಾರ ಆರಂಭಿಸಿದರು. ಗುಜರಾತಿನ ಬಡಗಿಗಳು ಕೆತ್ತಿದ ತೇಗದ ಕೆಲಸ ಹೀಗೆ ನ್ಯೂಯಾರ್ಕಿನ ಶ್ರೀಮಂತರ ಮನೆಗಳನ್ನು ಸೇರಿತು.

1882ರಲ್ಲಿ ಅಮೆರಿಕದ ಅಧ್ಯಕ್ಷ ಚೆಸ್ಟರ್ ಆರ್ಥರ್ ಅವರು ಶ್ವೇತಭವನವನ್ನು ಹೊಸದಾಗಿ ಅಲಂಕರಿಸುವ ಕೆಲಸವನ್ನು ಟಿಫಾನಿ ಅವರಿಗೆ ಒಪ್ಪಿಸಿದರು. ಪ್ರವೇಶದ ಹಜಾರದಲ್ಲಿ ಬಣ್ಣದ ಗಾಜಿನ ದೊಡ್ಡ ಪರದೆ ನಿಂತಿತು. ಇಪ್ಪತ್ತು ವರ್ಷದ ನಂತರ 1902ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಕಾಲದಲ್ಲಿ ಅದನ್ನು ಕಿತ್ತುಹಾಕಿದರು. ಒಂದು ಕಾಲದ ಅಂದ ಇನ್ನೊಂದು ಕಾಲಕ್ಕೆ ಬೇಡವಾಗುತ್ತದೆ ಎಂಬುದಕ್ಕೆ ಇದು ಮೊದಲ ಎಚ್ಚರಿಕೆ.

ಇದರ ನಡುವೆ 1884ರಲ್ಲಿ ಪತ್ನಿ ಮೇರಿ ಕ್ಷಯರೋಗದಿಂದ ತೀರಿಕೊಂಡರು. ಚಿಕ್ಕ ಮಕ್ಕಳು ಮನೆಯಲ್ಲಿದ್ದರು. 1886ರಲ್ಲಿ ಟಿಫಾನಿ ಅವರು ಲೂಯಿಸ್ ನಾಕ್ಸ್ ಎಂಬವರನ್ನು ಮದುವೆಯಾದರು. ಆ ಪತ್ನಿಯೂ 1904ರಲ್ಲಿ ತೀರಿಕೊಂಡರು. ಎರಡು ಮದುವೆಗಳಿಂದ ಎಂಟು ಮಕ್ಕಳು ಹುಟ್ಟಿದರು. ಅವರಲ್ಲಿ ಕೆಲವರನ್ನು ಎಳವೆಯಲ್ಲೇ ಕಳೆದುಕೊಂಡರು. ಬಣ್ಣಗಳ ನಡುವೆ ಬದುಕಿದ ಈ ಮನುಷ್ಯನ ಮನೆಯಲ್ಲಿ ದುಃಖ ಕಡಿಮೆ ಇರಲಿಲ್ಲ.

ಫಾವ್ರೈಲ್ ಎಂಬ ಹೆಸರು

1893ರಲ್ಲಿ ಷಿಕಾಗೊ ನಗರದಲ್ಲಿ ವಿಶ್ವ ಮೇಳ ನಡೆಯಿತು. ಸ್ವಾಮಿ ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನ ಇದೇ ಮೇಳದ ಅಂಗವಾಗಿ ನಡೆದದ್ದು ಎಂದು ನಾವೆಲ್ಲ ಓದಿದ್ದೇವೆ. ಅದೇ ಮೇಳದಲ್ಲಿ ಟಿಫಾನಿ ಅವರು ಗಾಜು ಮತ್ತು ಮೊಸಾಯಿಕ್‌ನಿಂದ ಒಂದು ಇಡೀ ಪ್ರಾರ್ಥನಾ ಮಂದಿರವನ್ನೇ ಕಟ್ಟಿ ತೋರಿಸಿದರು. ಅವರ ಹೆಸರು ದೇಶವಿಡೀ ಹರಡಿತು.

ಅದೇ ವರ್ಷ ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಕೊರೋನಾ ಎಂಬಲ್ಲಿ ತಮ್ಮದೇ ಗಾಜಿನ ಕುಲುಮೆ ಆರಂಭಿಸಿದರು. ಅದನ್ನು ನಡೆಸಲು ಇಂಗ್ಲೆಂಡಿನ ಸ್ಟೌರ್‌ಬ್ರಿಜ್ ಎಂಬ ಗಾಜಿನ ಊರಿನಿಂದ ಬಂದವರು ಆರ್ಥರ್ ನ್ಯಾಶ್. ಟಿಫಾನಿ ತಾವೇ ಗಾಜು ಊದುತ್ತಿರಲಿಲ್ಲ. ಯಾವ ಬಣ್ಣ, ಯಾವ ಆಕಾರ ಬೇಕು ಎಂಬುದು ಅವರದು. ಅದನ್ನು ಬೆಂಕಿಯಲ್ಲಿ ಸಾಧಿಸುವುದು ನ್ಯಾಶ್ ಮತ್ತು ಕೆಲಸಗಾರರದು. ಮಿಶ್ರಣದ ಗುಟ್ಟನ್ನು ನ್ಯಾಶ್ ಜೋಪಾನವಾಗಿ ಇಟ್ಟುಕೊಂಡಿದ್ದರು.

ವಿಧಾನ ಸ್ಥೂಲವಾಗಿ ಹೀಗೆ. ಗಾಜು ಎಂದರೆ ಮರಳು, ಸೋಡಾ, ಸುಣ್ಣ ಸೇರಿಸಿ ಕರಗಿಸಿದ್ದು. ಅದಕ್ಕೆ ಲೋಹದ ಲವಣಗಳನ್ನು ಬೆರೆಸಿದರೆ ಬಣ್ಣ ಬರುತ್ತದೆ. ಕೋಬಾಲ್ಟ್ ನೀಲಿ ಕೊಡುತ್ತದೆ. ಬಂಗಾರ ಕೆಂಪು, ಗುಲಾಬಿ ಕೊಡುತ್ತದೆ. ಊದಿದ ಪಾತ್ರೆ ಇನ್ನೂ ಬಿಸಿ ಇರುವಾಗಲೇ ತವರ ಅಥವಾ ಕಬ್ಬಿಣದ ಕ್ಲೋರೈಡಿನ ಹೊಗೆಗೆ ಹಿಡಿದರೆ, ಇಲ್ಲವೇ ಸಿಂಪಡಿಸಿದರೆ, ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕೂರುತ್ತದೆ. ಆ ಪೊರೆಯಲ್ಲಿ ಬೆಳಕು ಒಡೆದು ಕಾಮನಬಿಲ್ಲು ಕಾಣುತ್ತದೆ. ನೀರಿನ ಮೇಲಿನ ಎಣ್ಣೆಯಲ್ಲಿ ಆಗುವುದೂ ಇದೇ. ಎಣ್ಣೆಯ ಊರಿನವರಾದ ನಮಗೆ ಇದನ್ನು ಬೇರೆ ಹೇಳಬೇಕಾಗಿಲ್ಲ.

ಈ ಗಾಜಿಗೆ ಟಿಫಾನಿ ಅವರು ಫಾವ್ರೈಲ್ ಎಂದು ಹೆಸರಿಟ್ಟರು. ಕೈಯಿಂದ ಮಾಡಿದ್ದು ಎಂಬ ಅರ್ಥದ ಹಳೆಯ ಪದವೊಂದರಿಂದ ಅದು ಬಂದದ್ದು. 1894ರಲ್ಲಿ ಆ ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿದರು. ಹೂದಾನಿಗಳ ತಳದಲ್ಲಿ ಎಲ್.ಸಿ.ಟಿ. ಎಂಬ ಮೂರು ಅಕ್ಷರ ಕೆತ್ತಿಸಿದರು. ವಾಣಿಜ್ಯ ವಿದ್ಯಾರ್ಥಿಗಳು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಅದೇ ಮರಳು, ಅದೇ ಸೋಡಾ. ಆದರೆ ತಳದಲ್ಲಿ ಮೂರು ಅಕ್ಷರ ಇದ್ದರೆ ಬೆಲೆ ಬೇರೆ. ನಮ್ಮ ಪುಸ್ತಕದಲ್ಲಿ ಗುಡ್‌ವಿಲ್ ಎಂದರೆ ಕಣ್ಣಿಗೆ ಕಾಣದ ಆಸ್ತಿ ಎಂದು ಇದೆ. ಇಲ್ಲಿ ಆ ಆಸ್ತಿ ತಳದಲ್ಲಿ ಕಣ್ಣಿಗೇ ಕಾಣುತ್ತದೆ.

ದೀಪಗಳು, ಮತ್ತು ದೀಪ ಮಾಡಿದವರು

ಟಿಫಾನಿ ಎಂದರೆ ಇಂದು ಎಲ್ಲರಿಗೂ ನೆನಪಾಗುವುದು ಬಣ್ಣದ ಗಾಜಿನ ದೀಪಗಳು. ಎಡಿಸನ್ ಅವರ ವಿದ್ಯುತ್ ಬಲ್ಬು ಆಗ ಮನೆಗಳಿಗೆ ಬರುತ್ತಿತ್ತು. ಬರೀ ಬಲ್ಬಿನ ಬೆಳಕು ಕಣ್ಣಿಗೆ ಚುಚ್ಚುತ್ತದೆ. ಅದಕ್ಕೆ ಒಂದು ಕೊಡೆ ಬೇಕಿತ್ತು. ಇತ್ತ ಕಿಟಕಿಗಳಿಗೆ ಕತ್ತರಿಸಿ ಉಳಿದ ಬಣ್ಣದ ಗಾಜಿನ ತುಂಡುಗಳು ರಾಶಿ ಬಿದ್ದಿದ್ದವು. ಎರಡೂ ಸೇರಿ ಟಿಫಾನಿ ದೀಪವಾಯಿತು. ಪ್ರತಿ ಗಾಜಿನ ತುಂಡಿನ ಅಂಚಿಗೆ ತೆಳು ತಾಮ್ರದ ಪಟ್ಟಿ ಸುತ್ತಿ, ಒಂದಕ್ಕೊಂದು ಬೆಸುಗೆ ಹಾಕಿ, ಮರದ ಅಚ್ಚಿನ ಮೇಲೆ ಕೊಡೆಯ ಆಕಾರ ಕೊಡುತ್ತಿದ್ದರು. ವಿಸ್ಟೇರಿಯ ಎಂಬ ನೀಲಿ ಹೂಗೊಂಚಲಿನ ದೀಪದಲ್ಲಿ ಸುಮಾರು 2000 ಗಾಜಿನ ತುಂಡುಗಳಿವೆ. ಅದರ ಬೆಲೆ ಆಗಲೇ 400 ಡಾಲರ್. ಸಾಮಾನ್ಯ ಕೆಲಸಗಾರನಿಗೆ ಅದು ಹಲವು ತಿಂಗಳ ಸಂಬಳ.

ಈ ದೀಪಗಳನ್ನೆಲ್ಲ ಟಿಫಾನಿ ಅವರೇ ರಚಿಸಿದ್ದು ಎಂದು ನೂರು ವರ್ಷ ಜನ ನಂಬಿದ್ದರು. ಆದರೆ ಕಂಪನಿಯಲ್ಲಿ 1892ರಲ್ಲಿ ಮಹಿಳೆಯರ ಗಾಜು ಕತ್ತರಿಸುವ ವಿಭಾಗ ಆರಂಭವಾಗಿತ್ತು. ಅದರ ಮುಖ್ಯಸ್ಥೆ ಕ್ಲಾರಾ ಡ್ರಿಸ್ಕಾಲ್. ಅವರು 1861ರಲ್ಲಿ ಓಹಾಯೊ ರಾಜ್ಯದ ಹಳ್ಳಿಯೊಂದರಲ್ಲಿ ಹುಟ್ಟಿದವರು. 1888ರಲ್ಲಿ ಕೆಲಸಕ್ಕೆ ಸೇರಿದರು. ಮದುವೆಯಾದ ಹೆಂಗಸರಿಗೆ ಅಲ್ಲಿ ಕೆಲಸವಿಲ್ಲ ಎಂಬ ನಿಯಮ ಇದ್ದುದರಿಂದ ಮದುವೆಯಾದಾಗ ಬಿಟ್ಟರು. ಗಂಡ ತೀರಿಕೊಂಡ ಮೇಲೆ ಮತ್ತೆ ಬಂದರು. ಕೊನೆಗೆ 1909ರಲ್ಲಿ ಎರಡನೆಯ ಮದುವೆಗಾಗಿ ಪೂರ್ತಿ ಬಿಟ್ಟರು. ಮಧ್ಯದ ವರ್ಷಗಳಲ್ಲಿ ಹತ್ತಾರು ಹುಡುಗಿಯರು ಅವರ ಕೈಕೆಳಗೆ ಗಾಜು ಆರಿಸಿ, ಕತ್ತರಿಸಿ, ಜೋಡಿಸಿದರು. ಸಾವಿರ ಬಣ್ಣಗಳ ಹಾಳೆಗಳಿಂದ ಒಂದು ಎಲೆಗೆ ಸರಿಯಾದ ಹಸಿರನ್ನು ಆರಿಸುವುದೇ ಅಲ್ಲಿನ ನಿಜವಾದ ಕಲೆ. 1903ರಲ್ಲಿ ಗಂಡಸರ ಕಾರ್ಮಿಕ ಸಂಘ ಈ ವಿಭಾಗವನ್ನು ಮುಚ್ಚಿಸಲು ಹೋರಾಡಿತು. ವಿಭಾಗ ಉಳಿಯಿತು. ಆದರೆ ಹುಡುಗಿಯರ ಸಂಖ್ಯೆಗೆ ಮಿತಿ ಹಾಕಿದರು.

ಕ್ಲಾರಾ ತಮ್ಮ ತಾಯಿ ಮತ್ತು ಅಕ್ಕತಂಗಿಯರಿಗೆ ತಪ್ಪದೆ ಪತ್ರ ಬರೆಯುತ್ತಿದ್ದರು. ದಿನದ ಕೆಲಸ, ಹೊಸ ವಿನ್ಯಾಸ, ಖರ್ಚಿನ ಲೆಕ್ಕ, ಎಲ್ಲವೂ ಅದರಲ್ಲಿತ್ತು. ಆ ಪತ್ರಗಳು ಸಂಶೋಧಕರ ಕೈಗೆ ಸಿಕ್ಕಿ, 2007ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಪ್ರದರ್ಶನ ನಡೆಯಿತು. ವಿಸ್ಟೇರಿಯ ದೀಪ, 1900ರ ಪ್ಯಾರಿಸ್ ಮೇಳದಲ್ಲಿ ಬಹುಮಾನ ಪಡೆದ ಏರೋಪ್ಲೇನ್ ಚಿಟ್ಟೆಯ ದೀಪ ಮುಂತಾದವು ಕ್ಲಾರಾ ಅವರ ವಿನ್ಯಾಸ ಎಂದು ಆಗ ಜಗತ್ತಿಗೆ ಗೊತ್ತಾಯಿತು. ಅಷ್ಟರಲ್ಲಿ ಕ್ಲಾರಾ ಸತ್ತು ಅರವತ್ತು ವರ್ಷ ದಾಟಿತ್ತು. ದೀಪದ ತಳದಲ್ಲಿ ಟಿಫಾನಿ ಸ್ಟುಡಿಯೋಸ್ ಎಂಬ ಹೆಸರು ಮಾತ್ರ ಇದೆ.

ಈ ಭಾಗ ಓದಿದಾಗ ನನಗೆ ನಮ್ಮ ಬಳೆಗಳು ನೆನಪಾದವು. ನಮ್ಮ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಹಿಂದೆ ಬಳೆಗಾಗಿ ಬಣ್ಣದ ಗಾಜು ಮಾಡುತ್ತಿದ್ದರು. ಟಿಪ್ಪು ಸುಲ್ತಾನರು ಹುತಾತ್ಮರಾದ ಮೇಲೆ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಅದರ ಬಗ್ಗೆ ಬರೆದಿದ್ದಾರೆ. ಆ ಕುಲುಮೆಯವರ ಹೆಸರು ಯಾರಿಗೂ ಗೊತ್ತಿಲ್ಲ. ಇಂದು ಬಳೆ ಬರುವುದು ಫಿರೋಜಾಬಾದಿನಿಂದ. ಅಲ್ಲಿ ಬೆಂಕಿಯ ಮುಂದೆ ಕೂತು ಮಾಡುವವರ ಹೆಸರೂ ಯಾವ ಬಳೆಯ ಮೇಲೂ ಇರುವುದಿಲ್ಲ. ಬಳೆಗೆ ತಳವೇ ಇಲ್ಲವಲ್ಲ, ಎಲ್ಲಿ ಬರೆಯಬೇಕು?

ಏರಿಕೆ ಮತ್ತು ಇಳಿಕೆ

1900ರ ಪ್ಯಾರಿಸ್ ಮೇಳದಲ್ಲಿ ಟಿಫಾನಿ ಅವರಿಗೆ ಅತ್ಯುನ್ನತ ಬಹುಮಾನ ಬಂತು. ಫ್ರಾನ್ಸ್ ಸರ್ಕಾರ ಗೌರವ ಪದವಿ ಕೊಟ್ಟಿತು. 1902ರಲ್ಲಿ ತಂದೆ ತೀರಿಕೊಂಡಾಗ ದೊಡ್ಡ ಆಸ್ತಿ ಬಂತು. ತಂದೆಯ ಕಂಪನಿಯ ಕಲಾ ನಿರ್ದೇಶಕರೂ ಆದರು. ಲಾಂಗ್ ಐಲೆಂಡ್‌ನ ಸಮುದ್ರದ ದಂಡೆಯಲ್ಲಿ ಸುಮಾರು 600 ಎಕರೆ ಜಾಗದಲ್ಲಿ 84 ಕೋಣೆಗಳ ಲಾರೆಲ್ಟನ್ ಹಾಲ್ ಎಂಬ ಅರಮನೆ ಕಟ್ಟಿದರು. ಕಂಬಗಳ ತುದಿಯಲ್ಲಿ ಗಾಜಿನ ಹೂಗಳು, ನಡುವೆ ನೀರಿನ ಕಾರಂಜಿ, ಪೂರ್ವದ ಶೈಲಿಯ ಅಂಗಳ ಎಲ್ಲ ಅಲ್ಲಿದ್ದವು.

ಸರಿಸುಮಾರು ಇದೇ ಕಾಲದಲ್ಲಿ ನಮ್ಮ ಮೈಸೂರು ಅರಮನೆಯೂ ಏಳುತ್ತಿತ್ತು. 1897ರ ಬೆಂಕಿಯಲ್ಲಿ ಹಳೆ ಅರಮನೆ ಸುಟ್ಟ ಮೇಲೆ ಕಟ್ಟಿ 1912ರಲ್ಲಿ ಮುಗಿಸಿದ್ದು. ಅದರ ಕಲ್ಯಾಣ ಮಂಟಪದ ಮೇಲ್ಛಾವಣಿಯ ನವಿಲಿನ ಬಣ್ಣದ ಗಾಜನ್ನು ಶಾಲೆಯ ಪ್ರವಾಸದಲ್ಲಿ ಕತ್ತೆತ್ತಿ ನೋಡಿದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅದು ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ. ಬಣ್ಣದ ಗಾಜಿನ ಹುಚ್ಚು ಆಗ ಲೋಕಕ್ಕೆಲ್ಲ ಹಿಡಿದಿತ್ತು ಎನ್ನಲು ಇದೊಂದು ಸಾಕ್ಷಿ.

ಹೆಸರು ಬಂದರೆ ನಕಲು ಬಂದೇ ಬರುತ್ತದೆ. ಫ್ರೆಡರಿಕ್ ಕಾರ್ಡರ್ ಎಂಬವರು 1904ರಿಂದ ಸ್ಟೂಬೆನ್ ಕಾರ್ಖಾನೆಯಲ್ಲಿ ಇದೇ ರೀತಿ ಹೊಳೆಯುವ ಗಾಜು ಮಾಡತೊಡಗಿದರು. ಟಿಫಾನಿ ಕಂಪನಿ 1913ರಲ್ಲಿ ಮೊಕದ್ದಮೆ ಹೂಡಿತು. ಆದರೆ ಮುಂದುವರಿಸಲಿಲ್ಲ. ಅದಕ್ಕಿಂತ ದೊಡ್ಡ ಹೊಡೆತ ಕೊಟ್ಟದ್ದು ಅಗ್ಗದ ಗಾಜು. 1907ರಲ್ಲಿ ವೆಸ್ಟ್ ವರ್ಜೀನಿಯ ರಾಜ್ಯದ ಫೆಂಟನ್ ಕಂಪನಿ ಗಾಜನ್ನು ಊದದೆ, ಅಚ್ಚಿನಲ್ಲಿ ಒತ್ತಿ, ಮೇಲೆ ಲೋಹದ ಲವಣ ಸಿಂಪಡಿಸಿ ಅದೇ ಕಾಮನಬಿಲ್ಲನ್ನು ತಂದಿತು. ಬೆಲೆ ಡಾಲರುಗಳಲ್ಲಿ ಅಲ್ಲ, ಸೆಂಟುಗಳಲ್ಲಿ. ಬೇರೆ ಕಂಪನಿಗಳೂ ಮುಗಿಬಿದ್ದವು. ಬಡವರ ಮನೆಯ ಮೇಜಿನ ಮೇಲೂ ಬಣ್ಣ ಕುಣಿಯಿತು. ಅಡುಗೆಯವಳ ಮನೆಯಲ್ಲೂ ಇರುವುದು ತಮ್ಮ ಮನೆಯಲ್ಲಿ ಏಕೆ ಎಂದು ಶ್ರೀಮಂತರಿಗೆ ಅದರ ಮೇಲಿನ ಮೋಹ ಕಡಿಮೆಯಾಯಿತು ಎನ್ನುತ್ತಾರೆ. ಮುಂದೆ ಆ ಅಗ್ಗದ ಗಾಜೂ ಖರ್ಚಾಗದೆ ಜಾತ್ರೆಗಳಲ್ಲಿ ಆಟದ ಬಹುಮಾನವಾಗಿ ಹೋಯಿತು. ಅದಕ್ಕೇ ಸಂಗ್ರಾಹಕರು ಅದನ್ನು ಕಾರ್ನಿವಲ್ ಎಂದು ಕರೆದರು. ಕಾರ್ನಿವಲ್ ಎಂದರೆ ಜಾತ್ರೆ. ಅದೇ ವಿದ್ಯೆ ಫಿರೋಜಾಬಾದಿಗೆ ಬಂದು, ಅಲ್ಲಿಂದ ನಮ್ಮ ದಾದಾ ಕೈಗೆ ಸಿಕ್ಕಿತು.

ಮೊದಲ ಮಹಾಯುದ್ಧದ ನಂತರ ಜನರ ಅಭಿರುಚಿಯೇ ಬದಲಾಯಿತು. ಗೆರೆ ನೇರವಾಗಿರಬೇಕು, ಅಲಂಕಾರ ಕಡಿಮೆ ಇರಬೇಕು ಎಂಬ ಕಾಲ ಬಂತು. ಟಿಫಾನಿ ಅವರು 1918ರಲ್ಲಿ ತರುಣ ಕಲಾವಿದರಿಗಾಗಿ ಒಂದು ಪ್ರತಿಷ್ಠಾನ ಸ್ಥಾಪಿಸಿ, ಲಾರೆಲ್ಟನ್ ಹಾಲ್ ಅನ್ನು ಅದಕ್ಕೆ ಕೊಟ್ಟರು. ಆದರೆ ಹೊಸ ಕಲೆಯನ್ನು ಅವರು ಒಪ್ಪಲೇ ಇಲ್ಲ. ಗಾಜಿನ ವ್ಯವಹಾರ ಲಾಭಕ್ಕಿಂತ ನಷ್ಟವನ್ನೇ ತರುತ್ತಿತ್ತು. 1932ರಲ್ಲಿ ಟಿಫಾನಿ ಸ್ಟುಡಿಯೋಸ್ ದಿವಾಳಿಯಾಯಿತು. 1933ರ ಜನವರಿ 17ರಂದು 84ನೇ ವಯಸ್ಸಿನಲ್ಲಿ ಲೂಯಿಸ್ ಕಂಫರ್ಟ್ ಟಿಫಾನಿ ಅವರು ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಬ್ರೂಕ್ಲಿನ್‌ನ ಗ್ರೀನ್‌ವುಡ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ.

ಸತ್ತ ಮೇಲೆ

ಅವರು ಸತ್ತಾಗ ಅವರ ಗಾಜಿಗೆ ಬೆಲೆಯೇ ಇರಲಿಲ್ಲ. ದೀಪಗಳು ಅಟ್ಟ ಸೇರಿದವು. ಕೆಲವನ್ನು ಒಡೆದು ಅದರ ಕಂಚು, ಸೀಸವನ್ನು ಗುಜರಿಗೆ ಹಾಕಿದರು. 1946ರಲ್ಲಿ ಲಾರೆಲ್ಟನ್ ಹಾಲ್‌ನ ವಸ್ತುಗಳು ಹರಾಜಾದವು. 1957ರಲ್ಲಿ ಆ ಮನೆಗೆ ಬೆಂಕಿ ಬಿತ್ತು. ಹ್ಯೂ ಮತ್ತು ಜೆನೆಟ್ ಮೆಕೀನ್ ಎಂಬ ದಂಪತಿ ಸುಟ್ಟ ಮನೆಯಿಂದ ಕಿಟಕಿಗಳನ್ನು, ಕಂಬಗಳನ್ನು, ಷಿಕಾಗೊ ಮೇಳದ ಪ್ರಾರ್ಥನಾ ಮಂದಿರದ ಭಾಗಗಳನ್ನು ಕೊಂಡು ಉಳಿಸಿದರು. ಹ್ಯೂ ತರುಣರಾಗಿದ್ದಾಗ ಟಿಫಾನಿ ಪ್ರತಿಷ್ಠಾನದ ವಿದ್ಯಾರ್ಥಿಯಾಗಿ ಅದೇ ಮನೆಯಲ್ಲಿ ಇದ್ದವರು. ಅವರು ಉಳಿಸಿದ್ದು ಇಂದು ಫ್ಲೋರಿಡಾ ರಾಜ್ಯದ ವಿಂಟರ್ ಪಾರ್ಕ್ ಊರಿನ ಮೋರ್ಸ್ ಮ್ಯೂಸಿಯಂನಲ್ಲಿದೆ. 1958ರಲ್ಲಿ ನ್ಯೂಯಾರ್ಕಿನಲ್ಲಿ ಟಿಫಾನಿ ಕೃತಿಗಳ ಪ್ರದರ್ಶನ ನಡೆದ ಮೇಲೆ ಜನರ ಕಣ್ಣು ಮತ್ತೆ ತೆರೆಯಿತು.

ಆಮೇಲೆ ಬೆಲೆ ಏರುತ್ತಲೇ ಹೋಯಿತು. 1997ರಲ್ಲಿ ಕಮಲದ ಹೂವಿನ ಒಂದು ದೀಪ 28 ಲಕ್ಷ ಡಾಲರಿಗೆ ಹರಾಜಾಯಿತು. 2024ರ ನವೆಂಬರಿನಲ್ಲಿ, ಓಹಾಯೊದ ಚರ್ಚೊಂದಕ್ಕೆ 1913ರಲ್ಲಿ ಮಾಡಿದ್ದ ಕಿಟಕಿ 1 ಕೋಟಿ 20 ಲಕ್ಷ ಡಾಲರಿಗಿಂತ ಹೆಚ್ಚು ಬೆಲೆಗೆ ಹೋಯಿತು. ನಮ್ಮ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿಗೂ ಮೇಲೆ. ಅದರ ವಿನ್ಯಾಸ ಆಗ್ನೆಸ್ ನಾರ್ಥ್ರಪ್ ಎಂಬ ಮಹಿಳೆಯದು. ಈ ಸಲ ಹರಾಜಿನವರು ಅವರ ಹೆಸರನ್ನು ಮುಂದೆ ಹಾಕಿದ್ದರು.

ಗಾಜನ್ನು ಸಂಗ್ರಹಿಸುವವರು ಮೊದಲು ತಳ ನೋಡುತ್ತಾರೆ. ಹೆಸರು, ಸಂಖ್ಯೆ ಪರೀಕ್ಷಿಸುತ್ತಾರೆ. ಆಮೇಲೆ ದೀಪ ಹಚ್ಚಿ ನೋಡುತ್ತಾರೆ, ಆರಿಸಿ ನೋಡುತ್ತಾರೆ. ಒಳ್ಳೆಯ ಗಾಜು ಎರಡೂ ಹೊತ್ತಿನಲ್ಲಿ ಬೇರೆ ಬೇರೆಯಾಗಿ ಚೆನ್ನಾಗಿರುತ್ತದೆ. ಹೆಸರನ್ನು ಯಾರಾದರೂ ನಕಲು ಕೆತ್ತಬಹುದು. ಹಾಗಾಗಿ ಈ ವಸ್ತು ಯಾರ ಮನೆಯಲ್ಲಿತ್ತು, ಯಾರಿಂದ ಯಾರಿಗೆ ಬಂತು ಎಂಬ ಕಥೆಯನ್ನೂ ಕೇಳುತ್ತಾರೆ. ಆ ಕಥೆಗೂ ಬೆಲೆ ಇದೆ.

ಇದನ್ನು ಓದಿದ ಮೇಲೆ ನಾನು ದಾದಿಯ ಹತ್ತಿರ ಹೋಗಿ ಲೋಟದ ಕಥೆ ಕೇಳಿದೆ. ದಾವಣಗೆರೆಗೆ ಬಳೆ ತರಲು ಹೋದ ದಾದಾ, ಆ ವಾರದ ಲಾಭವನ್ನೆಲ್ಲ ಕೊಟ್ಟು ಆರು ಲೋಟ ತಂದಿದ್ದರಂತೆ. ಒಡೆಯಬಾರದು ಎಂದು ಬಳೆಗಳ ಹುಲ್ಲಿನಲ್ಲೇ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರಂತೆ. ಈದ್ ದಿನ ಮಾತ್ರ ಅವುಗಳಲ್ಲಿ ಶರಬತ್ತು ಕೊಡುತ್ತಿದ್ದರು. ಇದನ್ನು ಮೊದಲೇ ಏಕೆ ಹೇಳಲಿಲ್ಲ ಎಂದೆ. ಯಾರೂ ಕೇಳಲಿಲ್ಲ ಎಂದರು.

ಸ್ನೇಹಿತರೇ, ನಮ್ಮ ಲೋಟ ಟಿಫಾನಿ ಅಲ್ಲ. ಅದಕ್ಕೆ ಲಕ್ಷ ಬರುವುದಿಲ್ಲ. ಸವಕಳಿ ಲೆಕ್ಕ ಹಾಕಿದರೆ ಅದರ ಬೆಲೆ ಎಂದೋ ಸೊನ್ನೆಯಾಗಿದೆ. ಆದರೆ ಐದು ಲೋಟಕ್ಕೆ ಒಂದು ಬುಟ್ಟಿ ಎಂಬ ನನ್ನ ವ್ಯಾಪಾರದಲ್ಲಿ ತಪ್ಪಿದ್ದು ಬೆಲೆ ಅಲ್ಲ. ಅವು ಯಾರವು ಎಂದು ಕೇಳದೆ ಕೊಟ್ಟದ್ದು ತಪ್ಪು. ನಿಮ್ಮ ಮನೆಯಲ್ಲೂ ಅಟ್ಟದ ಮೇಲೆ, ಪೆಟ್ಟಿಗೆಯ ತಳದಲ್ಲಿ ಏನಾದರೂ ಇರಬಹುದು. ಮಾರುವ ಮೊದಲು ಒಮ್ಮೆ ತಲೆಕೆಳಗು ಮಾಡಿ ತಳ ನೋಡಿ. ಹೆಸರು ಇಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳಿ.